ಅಂಗಾಲನ್ನು ಮರೆತ ಸೂತ್ರ

ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಹರಡುವುದೋ ಇಲ್ಲವೋ ಎಂದು ಮುಂಚಿತವಾಗಿ ಅಂದಾಜಿಸಲು ವೈದ್ಯರು ಇಂದಿಗೂ ಮೊದಲು ನೋಡುವುದು ಗಂಟಿನ ದಪ್ಪವನ್ನು. 1970ರಲ್ಲಿ ಅಮೆರಿಕದ ಅಲೆಕ್ಸಾಂಡರ್ ಬ್ರೆಸ್ಲೋ ಕೊಟ್ಟ ಅಳತೆ ಇದು. ಚರ್ಮದೊಳಗೆ 1 ಮಿ.ಮೀ. ಮೀರಿ ಇಳಿಯದ ಗಂಟನ್ನು ಕತ್ತರಿಸಿ ತೆಗೆದರೆ ಬಹುಪಾಲು ರೋಗಿಗಳು ಗುಣವಾಗುತ್ತಾರೆ, 4 ಮಿ.ಮೀ. ದಾಟಿದರೆ ಅಪಾಯ ಬಹಳ. ಮೇಲ್ಮೈ ಹುಣ್ಣಾಗಿದ್ದರೆ, ಹತ್ತಿರದ ದುಗ್ಧಗ್ರಂಥಿಗೆ ರೋಗ ತಲುಪಿದ್ದರೆ ಅಪಾಯ ಇನ್ನೂ ಹೆಚ್ಚು. ಈ ಅಳತೆಗಳು ಅರ್ಧ ಶತಮಾನದ ಪರೀಕ್ಷೆಯಲ್ಲಿ ಗೆದ್ದಿವೆ. ಅವುಗಳ ಬಗ್ಗೆ ನನ್ನ ತಕರಾರಿಲ್ಲ.

ತಕರಾರಿರುವುದು ರೋಗಿಯನ್ನು ಆ ಅಳತೆಯವರೆಗೆ ಕರೆತರಬೇಕಾದ ಪಾಠದ ಬಗ್ಗೆ. 1985ರಲ್ಲಿ ನ್ಯೂಯಾರ್ಕಿನ ವೈದ್ಯರು ರೂಪಿಸಿದ ಎ-ಬಿ-ಸಿ-ಡಿ ಸೂತ್ರ ಮಚ್ಚೆಯ ಆಕಾರ, ಅಂಚು, ಬಣ್ಣ, ಅಗಲ ನೋಡಿ ಎನ್ನುತ್ತದೆ. ಜೊತೆಗೆ ಬಿಸಿಲಿನಿಂದ ದೂರವಿರಿ ಎಂಬ ಬುದ್ಧಿವಾದ. ಬಿಳಿ ಚರ್ಮದವರಿಗೆ ಇದು ಸರಿ. ನಮ್ಮಲ್ಲಿ ಮೆಲನೋಮಾ ಅಪರೂಪ. ಬಂದಾಗ ಹೆಚ್ಚಾಗಿ ಕಾಣಿಸಿಕೊಳ್ಳುವುದು ಬಿಸಿಲು ಬೀಳದ ಅಂಗಾಲಿನಲ್ಲಿ, ಅಂಗೈಯಲ್ಲಿ, ಉಗುರಿನಡಿ.

ಗುಂಡ್ಲುಪೇಟೆ ತಾಲ್ಲೂಕಿನ ಹಂಗಳದ ಸುತ್ತ ಚೆಂಡು ಹೂ, ಈರುಳ್ಳಿ, ಅರಿಸಿನದ ಹೊಲಗಳಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಈ ಸೂತ್ರ ಏನು ಹೇಳುತ್ತದೆ? ಒಡೆದ ಹಿಮ್ಮಡಿ, ಮೆತ್ತಿದ ಮಣ್ಣು, ಮುಳ್ಳಿನ ಗಾಯಗಳ ನಡುವೆ ಕಪ್ಪು ಕಲೆಯೊಂದು ಕಾಲಾಣಿಯಂತೆಯೇ ಕಂಡೀತು. ಕೆಲವು ಗಂಟುಗಳು ಕಪ್ಪಾಗಿಯೂ ಇರುವುದಿಲ್ಲ; ವಾಸಿಯಾಗದ ಕೆಂಪು ಹುಣ್ಣಿನಂತಿರುತ್ತವೆ. ಆಣಿ ಎಂದು ಕೆತ್ತಿಸಿ, ಮುಲಾಮು ಹಚ್ಚಿ ಕಾಯುವಷ್ಟರಲ್ಲಿ ಗಂಟು ಆಳಕ್ಕಿಳಿದು, ತೊಡೆಸಂದಿನಲ್ಲಿ ಗಡ್ಡೆ ಕಾಣಿಸಿಕೊಳ್ಳಬಹುದು. ಹಾಗಾದಾಗ ಬ್ರೆಸ್ಲೋ ಅಳತೆ ತೋರಿಸುವ ಮಿಲಿಮೀಟರುಗಳಲ್ಲಿ ನಾವು ಕಳೆದುಕೊಂಡ ತಿಂಗಳುಗಳೂ ಸೇರಿರುತ್ತವೆ.

ಇಷ್ಟು ಅಪರೂಪದ ಕಾಯಿಲೆಗೆ ಊರೂರಲ್ಲಿ ತಪಾಸಣೆ ಬೇಕೇ ಎಂದು ಕೇಳುವವರಿದ್ದಾರೆ. ಹೊಸ ತಪಾಸಣೆ ಬೇಕಿಲ್ಲ. ಕುಷ್ಠರೋಗ ಪತ್ತೆಗೆ ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಮೈಮೇಲಿನ ಮಚ್ಚೆ ವಿಚಾರಿಸುತ್ತಾರೆ. ಸಕ್ಕರೆ ಕಾಯಿಲೆಯವರ ಪಾದ ನೋಡಬೇಕೆಂಬ ನಿಯಮವೂ ಇದೆ. ಅದೇ ಹೊತ್ತಿನಲ್ಲಿ ಎಲ್ಲರ ಅಂಗಾಲು ತೊಳೆಸಿ ನೋಡಿದರೆ ಸಾಕು.

ಅಳತೆಗೋಲು ಒಳ್ಳೆಯದು, ಅದರ ಮುಂಚಿನ ಪಾಠ ಮಾತ್ರ ನಮ್ಮದಲ್ಲ. ನಮ್ಮ ಕರಪತ್ರಗಳಲ್ಲಿ ಬಿಸಿಲಿಗಿಂತ ಮೊದಲು ಪಾದದ ಚಿತ್ರ ಬರಲಿ. ಬೆಳೆಯುತ್ತಿರುವ, ರಕ್ತ ಒಸರುವ ಅಥವಾ ತಿಂಗಳಾದರೂ ಮಾಯದ ಅಂಗಾಲಿನ ಕಲೆಯನ್ನು ಕೆತ್ತಿಸಬೇಡಿ. ಚಾಮರಾಜನಗರದ ಮೆಡಿಕಲ್ ಕಾಲೇಜು ಆಸ್ಪತ್ರೆಗಾಗಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗಾಗಲಿ ಹೋಗಿ ವೈದ್ಯರಿಗೆ ತೋರಿಸಿ, ಬಯಾಪ್ಸಿ ಬೇಕೇ ಎಂದು ನೀವೇ ಕೇಳಿ.