ಎದೆಯ ಮೇಲೊಂದು ಗಂಡಭೇರುಂಡ

ನವೆಂಬರ್ ಒಂದರ ಮುಂಜಾನೆ ಹಾವೇರಿಯಲ್ಲಾಗಲಿ, ರಾಣೇಬೆನ್ನೂರು, ಬ್ಯಾಡಗಿಯಲ್ಲಾಗಲಿ ಧ್ವಜಾರೋಹಣಕ್ಕೆ ಹೊರಟವರ ಅಂಗಿ ನೋಡಿ. ಶಾಲೆಯ ಹುಡುಗರಿಂದ ಹಿಡಿದು ಆಟೊ ಓಡಿಸುವವರು, ಮಾಸ್ತರರು, ತಹಶೀಲ್ದಾರರವರೆಗೆ ಎಲ್ಲರ ಎದೆಯ ಮೇಲೂ ಹಳದಿ-ಕೆಂಪು ಪಟ್ಟಿಯ ಬ್ಯಾಡ್ಜು ಇರುತ್ತದೆ. ಅದೇ ಗುಂಪಿನಲ್ಲಿ ಹಿಂದೊಮ್ಮೆ ರಾಜ್ಯೋತ್ಸವ ಪ್ರಶಸ್ತಿ ಪಡೆದ ಹಿರಿಯರೊಬ್ಬರು ನಿಂತಿದ್ದರೆ ಅವರನ್ನು ಗುರುತಿಸುವುದು ಹೇಗೆ? ಅವರ ಎದೆಯ ಮೇಲೂ ಅದೇ ಪಟ್ಟಿ, ಅದೇ ಗುಂಡುಪಿನ್ನು. ನಾಡು ಅವರಿಗೆ ಕೊಟ್ಟ ಚಿನ್ನದ ಪದಕ ಮನೆಯ ತಿಜೋರಿಯಲ್ಲೋ ಬ್ಯಾಂಕಿನ ಲಾಕರಿನಲ್ಲೋ ಭದ್ರವಾಗಿ ಮಲಗಿರುತ್ತದೆ.

ಪದಕ, ಬಿಲ್ಲೆ, ಲಾಂಛನಗಳನ್ನು ಹುಡುಕಿ ನೋಡುವುದು ನನ್ನ ಬಹುಕಾಲದ ಹವ್ಯಾಸ. ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಗೋಡೆಯ ಮೇಲಿನ ಚೌಕಟ್ಟುಗಳ ಕಡೆಗೇ ಹೊರಳುತ್ತದೆ. ಇಷ್ಟು ಕಾಲ ನೋಡುತ್ತ ಬಂದ ಮೇಲೆ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕೆನಿಸಿದೆ. ಕನ್ನಡ ನಾಡು ತನ್ನವರನ್ನು ಗೌರವಿಸುವುದರಲ್ಲಿ ಹಿಂದೆ ಬಿದ್ದಿಲ್ಲ. ಆದರೆ ಆ ಗೌರವ ಕಣ್ಣಿಗೆ ಕಾಣುವಂಥ ಒಂದು ಗುರುತನ್ನು ಮಾತ್ರ ಇನ್ನೂ ಮಾಡಿಕೊಟ್ಟಿಲ್ಲ.

ರಾಜ್ಯೋತ್ಸವ ಪ್ರಶಸ್ತಿ 1966ರಿಂದ ನಡೆದು ಬಂದದ್ದು. ಎಷ್ಟನೆಯ ರಾಜ್ಯೋತ್ಸವವೋ ಅಷ್ಟು ಜನರಿಗೆ ಕೊಡುವ ಪದ್ಧತಿ ಈಚಿನದು. ಅದರಂತೆ 2025ರಲ್ಲಿ ಎಪ್ಪತ್ತು ಮಂದಿ ವೇದಿಕೆ ಹತ್ತಿದರು. ತಲಾ 5 ಲಕ್ಷ ರೂಪಾಯಿ, 25 ಗ್ರಾಂ ಚಿನ್ನದ ಪದಕ. ಎಪ್ಪತ್ತು ಪದಕ ಸೇರಿದರೆ ಒಂದೂಮುಕ್ಕಾಲು ಕಿಲೋ ಚಿನ್ನ. ಇದಕ್ಕೂ ಮೇಲಿನದು 1992ರಲ್ಲಿ ಮೊದಲು ಕೊಟ್ಟ ಕರ್ನಾಟಕ ರತ್ನ. ಅದರ ಪದಕ 50 ಗ್ರಾಂ. ಮೊದಲ ವರ್ಷ ಕುವೆಂಪು ಮತ್ತು ಡಾ. ರಾಜ್‌ಕುಮಾರ್. ಆಮೇಲೆ ನಿಜಲಿಂಗಪ್ಪ, ಸಿ.ಎನ್.ಆರ್. ರಾವ್, ದೇವಿ ಶೆಟ್ಟಿ. 2005ರಲ್ಲಿ ನಮ್ಮ ಅಖಂಡ ಧಾರವಾಡ ಜಿಲ್ಲೆಯ ಮಗ ಭೀಮಸೇನ ಜೋಶಿ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು, ದೇಜಗೌ, ವೀರೇಂದ್ರ ಹೆಗ್ಗಡೆಯವರಿಗೆ ಕೊಟ್ಟಾದ ಮೇಲೆ 2009ರಿಂದ ಹದಿಮೂರು ವರ್ಷ ಯಾರಿಗೂ ಇಲ್ಲ. 2022ರಲ್ಲಿ ಪುನೀತ್ ರಾಜ್‌ಕುಮಾರ್ ಅವರಿಗೆ ಮರಣೋತ್ತರವಾಗಿ ಸಂದಿತು.

ಪತ್ರಿಕೆಗಳಲ್ಲಿ ಈ ಪ್ರಶಸ್ತಿಗಳ ಸುದ್ದಿ ಓದಿದವರಿಗೆಲ್ಲ ಪದಕದ ತೂಕ ಬಾಯಿಪಾಠ. ಅದರ ಮೇಲೆ ಏನು ಕೆತ್ತಿದೆ, ಹಿಂಬದಿಯಲ್ಲಿ ಏನಿದೆ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ನನಗೆ ಬೇಸರ ಆಗುವುದು ಇಲ್ಲಿ. ಪದಕವೊಂದು ತೂಕದಿಂದಲೇ ಪರಿಚಿತವಾದರೆ ಅದು ಅಕ್ಕಸಾಲಿಗರ ಲೆಕ್ಕಕ್ಕೆ ಸೇರಿತು ಎಂದೇ ಅರ್ಥ.

ಭಾರತ ರತ್ನವನ್ನು ನೋಡಿ. ದೇಶದ ಅತಿ ದೊಡ್ಡ ಗೌರವ, ಆದರೆ ಮೈ ಕಂಚಿನದು. ಅಶ್ವತ್ಥದ ಎಲೆಯ ಆಕಾರ, ಸುಮಾರು ಆರು ಸೆಂಟಿಮೀಟರ್ ಉದ್ದ, ನಡುವೆ ಪ್ಲಾಟಿನಂನಲ್ಲಿ ಬೆಳಗುವ ಸೂರ್ಯ, ಕೆಳಗೆ ದೇವನಾಗರಿಯಲ್ಲಿ ಹೆಸರು. ಕೋಲ್ಕತ್ತದ ಅಲಿಪುರ ಟಂಕಸಾಲೆಯಲ್ಲಿ ತಯಾರಾಗುತ್ತದೆ. ಅದರ ತೂಕ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಎಲೆ ಕಂಡರೆ ಸಾಕು, ಇಂಥದ್ದೇ ಎಂದು ಗೊತ್ತಾಗುತ್ತದೆ. ಪದ್ಮ ಪ್ರಶಸ್ತಿಗಳ ಪದಕವೂ ಕಂಚಿನದೇ, ನಡುವೆ ತಾವರೆ. ಅವುಗಳ ಜೊತೆ ಒಂದು ಚಿಕ್ಕ ಪ್ರತಿಕೃತಿಯನ್ನೂ ಕೊಡುತ್ತಾರೆ. ಸಭೆ ಸಮಾರಂಭಗಳಲ್ಲಿ ಧರಿಸಿಕೊಳ್ಳಬಹುದು. ದೊಡ್ಡ ಪದಕ ಪೆಟ್ಟಿಗೆಯಲ್ಲಿದ್ದರೂ ಗೌರವ ಮನುಷ್ಯನ ಮೈಮೇಲೆ ಓಡಾಡುತ್ತದೆ.

ಹಾಗೆ ನೋಡಿದರೆ ಗೌರವವನ್ನು ಕಾಣುವಂತೆ ತೋರಿಸುವ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ. ಹಾನಗಲ್ಲಿನ ಕದಂಬರ ಶಾಸನ ಓದಿದವರಿಗೆ ಗೊತ್ತು: ಬನವಾಸಿಪುರವರಾಧೀಶ್ವರ ಎಂಬ ಬಿರುದಿನ ಬೆನ್ನಿಗೇ ವಾನರಧ್ವಜ, ಸಿಂಹಲಾಂಛನ, ಪೆರ್ಮಟ್ಟಿ ಎಂಬ ವಾದ್ಯ ಬರುತ್ತವೆ. ಬಿರುದು ಒಂದು ಕಡೆ, ಅದನ್ನು ದೂರದಿಂದಲೇ ಕಣ್ಣಿಗೂ ಕಿವಿಗೂ ಮುಟ್ಟಿಸುವ ಗುರುತು ಇನ್ನೊಂದು ಕಡೆ. ರಾಣೇಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದಲ್ಲಿ, ತುಂಗಭದ್ರೆಯ ದಂಡೆಯ ಮುಕ್ತೇಶ್ವರ ದೇವಾಲಯದ ಮುಂದೆ ನಿಂತು ಗುತ್ತಲದ ಗುತ್ತ ಅರಸರ ಕಾಲದ ಶಾಸನಗಳನ್ನು ನೋಡುವಾಗಲೂ ಇದೇ ನೆನಪಾಗುತ್ತದೆ. ತಮ್ಮ ಕುಲವನ್ನು ಉಜ್ಜಯಿನಿಗೆ ಒಯ್ದು ಮುಟ್ಟಿಸಿದ ಈ ಸಣ್ಣ ಅರಸರು ಬಿರುದುಗಳನ್ನು ಎಷ್ಟು ಪ್ರೀತಿಯಿಂದ, ಎಷ್ಟು ಅಚ್ಚುಕಟ್ಟಾಗಿ ಕಲ್ಲಿನಲ್ಲಿ ಕೊರೆಸಿದ್ದಾರೆ!

ಗೌರವ ಅರಸರಿಗೆ ಮಾತ್ರ ಮೀಸಲಾಗಿರಲಿಲ್ಲ. ಬಂಕಾಪುರದ ಅಜಿತಸೇನಾಚಾರ್ಯರ ಶಿಷ್ಯ ರನ್ನ, ಬಳೆಗಾರರ ಮನೆಯ ಹುಡುಗ, ಚಾಲುಕ್ಯ ತೈಲಪನಿಂದ ಕವಿಚಕ್ರವರ್ತಿ ಎನಿಸಿಕೊಂಡ. ಅವನಿಗೆ ಆಶ್ರಯ ಕೊಟ್ಟ ಅತ್ತಿಮಬ್ಬೆಗೆ ದಾನಚಿಂತಾಮಣಿ ಎಂಬ ಹೆಸರು ನಿಂತಿತು. ವೀರರಿಗೂ ಕವಿಗಳಿಗೂ ಕಾಲಿಗೆ ತೊಡಿಸುತ್ತಿದ್ದ ಗಂಡಪೆಂಡಾರವಂತೂ ಇವತ್ತಿನ ಯಾವ ಪದಕಕ್ಕೂ ಕಡಿಮೆಯಲ್ಲದ ಕಲ್ಪನೆ. ಅದನ್ನು ತೊಟ್ಟವನು ನಡೆದುಬಂದರೆ ಸಭೆಗೆ ಬೇರೆ ಪರಿಚಯ ಬೇಕಿರಲಿಲ್ಲ.

ಬ್ರಿಟಿಷರ ಕಾಲದಲ್ಲಿ ನಮ್ಮ ಭಾಗ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಮೈಸೂರಿನ ದಸರಾ ದರ್ಬಾರಿನಲ್ಲಿ ರಾಜಸೇವಾಸಕ್ತದಂಥ ಬಿರುದು ಹಂಚಿದರೆ, ಇಲ್ಲಿ ದಿವಾನ್ ಬಹದ್ದೂರ್, ರಾವ್ ಬಹದ್ದೂರ್, ರಾವ್ ಸಾಹೇಬ್. 1911ರ ದಿಲ್ಲಿ ದರ್ಬಾರಿನ ಹೊತ್ತಿಗೆ ಈ ಬಿರುದುಗಳಿಗೆ ಕೊರಳಲ್ಲಿ ತೂಗುಹಾಕುವ ಪದಕಗಳೂ ಬಂದವು. ಮೊದಲ ದರ್ಜೆಗೆ ಕಡುನೀಲಿ ಅಂಚಿನ ತಿಳಿನೀಲಿ ಪಟ್ಟಿ, ಎರಡನೆಯದಕ್ಕೆ ಕೆಂಪು, ಮೂರನೆಯದಕ್ಕೆ ತಿಳಿನೀಲಿ ಅಂಚಿನ ಕಡುನೀಲಿ. ಪಟ್ಟಿಯ ಬಣ್ಣ ನೋಡಿಯೇ ಕಚೇರಿಯಲ್ಲಿ ಕುರ್ಚಿ ಎಲ್ಲಿ ಹಾಕಬೇಕೆಂದು ತೀರ್ಮಾನವಾಗುತ್ತಿತ್ತು. ಆ ಪದಕಗಳ ಕಸುಬುಗಾರಿಕೆಯನ್ನು ನಾನು ಮೆಚ್ಚುತ್ತೇನೆ. ಆದರೆ ಅದು ಪರರ ಸರ್ಕಾರ ತನಗೆ ಬೇಕಾದವರನ್ನು ಕಟ್ಟಿಹಾಕಿಕೊಳ್ಳುವ ಪಟ್ಟಿ. 1920ರಲ್ಲಿ ಗಾಂಧೀಜಿ ತಮ್ಮ ಕೈಸರ್-ಇ-ಹಿಂದ್ ಪದಕವನ್ನು ಮರಳಿಸಿ, ಬಿರುದುಗಳನ್ನು ಬಿಡಿ ಎಂದು ದೇಶಕ್ಕೆ ಕರೆ ಕೊಟ್ಟದ್ದು ಸರಿಯಾಗಿಯೇ ಇತ್ತು.

ಆ ಕರೆಯ ನಿಜವಾದ ಉತ್ತರ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಿಂದ ಹೋಯಿತು. ಮೈಲಾರ ಮಹದೇವಪ್ಪ ಹದಿಹರೆಯದಲ್ಲೇ ದಂಡಿಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಇಬ್ಬರು ಸಂಗಾತಿಗಳೊಂದಿಗೆ ಗುಂಡಿಗೆ ಬಲಿಯಾದರು. ಎದೆಯ ಮೇಲೆ ಯಾವ ಪದಕವನ್ನೂ ಅವರು ಕಂಡವರಲ್ಲ. 2018ರಲ್ಲಿ ಅವರ ಅಂಚೆಚೀಟಿ ಬಂತು, ಹಾವೇರಿ ರೈಲು ನಿಲ್ದಾಣಕ್ಕೆ ಅವರ ಹೆಸರು ಬಂತು.

ಬದುಕುಳಿದ ಹೋರಾಟಗಾರರಿಗೆ ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷ ತಾಮ್ರಪತ್ರ ಬಂತು. ನಮ್ಮ ಮೂರೂ ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ಇವತ್ತಿಗೂ ಸಿಗುವ, ನನಗೆ ಎಲ್ಲಕ್ಕಿಂತ ಪ್ರಿಯವಾದ ಲಾಂಛನ ಇದು. ಮೇಲೆ ಅಶೋಕಸ್ತಂಭದ ಸಿಂಹಗಳು, ಕೆಳಗೆ ದೇವನಾಗರಿಯಲ್ಲಿ ಹೋರಾಟಗಾರರ ಹೆಸರು, ರಾಷ್ಟ್ರದ ಪರವಾಗಿ ಪ್ರಧಾನಿ ಇಂದಿರಾ ಗಾಂಧಿ ಅರ್ಪಿಸಿದ್ದೆಂಬ ಒಕ್ಕಣೆ. ದಿನಾಂಕ ಎರಡು ಬಗೆಯಲ್ಲಿ: 1972ರ ಆಗಸ್ಟ್ 15, ಮತ್ತು ಶಕವರ್ಷ 1894ರ ಶ್ರಾವಣ 24. ಬಹಳ ಮನೆಗಳಲ್ಲಿ ಇದನ್ನು ದೇವರ ಕೋಣೆಯ ಪಕ್ಕದಲ್ಲೇ ತೂಗುಹಾಕಿರುತ್ತಾರೆ. ಹಬ್ಬ ಬಂದರೆ ತಂಬಿಗೆಯ ಜೊತೆ ಇದನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕುವುದುಂಟು. ದಯವಿಟ್ಟು ತಿಕ್ಕಬೇಡಿ. ಪ್ರತಿ ಸಲ ತಿಕ್ಕಿದಾಗಲೂ ಅಕ್ಷರ ಒಂದಿಷ್ಟು ಸವೆಯುತ್ತದೆ. ಅಜ್ಜನ ಹೆಸರು ಮಾಸಿದ ತಾಮ್ರಪತ್ರಗಳನ್ನು ನಾನು ನೋಡಿದ್ದೇನೆ. ಒಣಬಟ್ಟೆಯಿಂದ ಧೂಳು ಒರೆಸಿದರೆ ಸಾಕು. ತಾಮ್ರ ಕಪ್ಪಾದರೆ ಆಗಲಿ, ಅದು ಅದರ ವಯಸ್ಸು.

ಇನ್ನು ಹಾವೇರಿಯದೇ ಆದ ಒಂದು ಗೌರವಚಿಹ್ನೆ ಇದೆ, ಏಲಕ್ಕಿ ಹಾರ. ಏಲಕ್ಕಿ ಇಲ್ಲಿ ಬೆಳೆಯುವುದಿಲ್ಲ, ಮಲೆನಾಡಿನಿಂದ ಬರುತ್ತದೆ. ಅಂಟುವಾಳದ ನೀರಿನಲ್ಲಿ ತೊಳೆದು ಬಿಳುಪು ಮಾಡುವ ಹಳೆಯ ವಿದ್ಯೆ ಈ ಊರಿನದು. ಹಾರ ಕಟ್ಟುವ ಪಟವೇಗಾರ ಮನೆತನದವರ ಕೈಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಒಂದೇ ಅಳತೆಯ ದಪ್ಪ ಕಾಯಿಗಳನ್ನು ಆರಿಸಿ, ಸಿಪ್ಪೆ ಬಿರಿಯದಂತೆ ಪೋಣಿಸುತ್ತಾರೆ. ಎಳೆಯ ಪಕ್ಕಕ್ಕೆ ಎಳೆ ಕೂಡಿಸಿ, ನಡುನಡುವೆ ಜರಿ ಮತ್ತು ಮಣಿ ಸೇರಿಸುತ್ತಾರೆ. ಕಾಯಿಯ ತುದಿಗಳು ಒಂದೇ ದಿಕ್ಕಿಗೆ ತಿರುಗಿರಬೇಕು, ಒಂದು ಕಾಯಿ ಓರೆಯಾದರೂ ಸಾಲು ಕೆಡುತ್ತದೆ. ಸಿದ್ಧವಾದ ಹಾರ ತೂಕದಲ್ಲಿ ಹಗುರ, ನೋಟಕ್ಕೆ ಗಂಭೀರ. ಹೂವಿನ ಹಾರ ಸಂಜೆಗೆ ಬಾಡುತ್ತದೆ, ಇದು ವರ್ಷಗಟ್ಟಲೆ ಉಳಿಯುತ್ತದೆ. ಪ್ರಧಾನಿಯವರೆಗೂ ಹೋದ ಈ ಹಾರ ಯಾರ ಕೊರಳಲ್ಲಿ ಕಂಡರೂ ಹಾವೇರಿಯದೆಂದು ನಾಡಿಗೆ ತಿಳಿಯುತ್ತದೆ. ಒಂದು ಗ್ರಾಂ ಚಿನ್ನವಿಲ್ಲದೆ, ಬರೀ ಕೈಕೆಲಸ ಮತ್ತು ಕಂಪಿನಿಂದ ಗಳಿಸಿದ ಗುರುತು ಅದು. 2023ರ ಜನವರಿಯಲ್ಲಿ 86ನೆಯ ಸಾಹಿತ್ಯ ಸಮ್ಮೇಳನವನ್ನು ಏಲಕ್ಕಿ ಕಂಪಿನ ನಾಡಿನ ಸಮ್ಮೇಳನ ಎಂದು ಕರೆದದ್ದು ಸುಮ್ಮನೆ ಅಲ್ಲ.

ಪದಕ ಎಂದರೆ ಬರೀ ಒಡವೆಯಲ್ಲ ಎಂಬುದು ಅದನ್ನು ಮರಳಿಸುವಾಗ ಇನ್ನೂ ಸ್ಪಷ್ಟವಾಗುತ್ತದೆ. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಶಿವರಾಮ ಕಾರಂತರು ಪದ್ಮಭೂಷಣವನ್ನು ಹಿಂದಿರುಗಿಸಿದರು. ನಮ್ಮ ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲರು, ಎಲ್ಲರ ಚಂಪಾ, ಕಲಬುರ್ಗಿಯವರ ಹತ್ಯೆಯ ಬಳಿಕ 2015ರಲ್ಲಿ ಪಂಪ ಪ್ರಶಸ್ತಿಯನ್ನು ಸರ್ಕಾರಕ್ಕೆ ವಾಪಸು ಮಾಡಿದರು. ಆಗ ಯಾರೂ ಹಣದ ಲೆಕ್ಕ ಕೇಳಲಿಲ್ಲ. ಗೌರವಕ್ಕೆ ಬೆಲೆ ಇದ್ದದ್ದರಿಂದಲೇ ಆ ಪ್ರತಿಭಟನೆಗೆ ಬೆಲೆ ಬಂತು.

ಪದಕ ಧರಿಸಿ ಓಡಾಡುವುದು ಬಿರುದು ಮೆರೆಸಿದಂತೆ ಆಗದೇ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಸಂವಿಧಾನದ 18ನೆಯ ವಿಧಿ ಬಿರುದುಗಳನ್ನು ರದ್ದು ಮಾಡಿದೆ. ಪದ್ಮ ಪ್ರಶಸ್ತಿಗಳು ಬಿರುದಲ್ಲ, ಆದರೆ ಅವನ್ನು ಹೆಸರಿನ ಹಿಂದೆ ಮುಂದೆ ಸೇರಿಸಿಕೊಳ್ಳಬಾರದು ಎಂದು ಸುಪ್ರೀಂ ಕೋರ್ಟು 1995ರಲ್ಲಿ ಬಾಲಾಜಿ ರಾಘವನ್ ಪ್ರಕರಣದಲ್ಲಿ ಹೇಳಿತು. ಹಾಗಿದ್ದೂ ನಮ್ಮ ಜಾತ್ರೆ, ಸತ್ಕಾರಗಳ ಆಮಂತ್ರಣ ಪತ್ರಿಕೆಗಳಲ್ಲಿ ಹೆಸರಿನ ಮುಂದೆ ‘ಪದ್ಮಶ್ರೀ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗುತ್ತಲೇ ಇದೆ. ಅದು ನಿಲ್ಲಬೇಕು. ಸಾಧಕರನ್ನು ಗುರುತಿಸಲು ಜನರಿಗೆ ಬೇರೆ ದಾರಿ ಕಾಣದೆ ಹೆಸರಿಗೇ ಅಂಟಿಸುತ್ತಾರೆ ಎಂಬುದು ನನ್ನ ನಂಬಿಕೆ. ಅಂಗಿಯ ಮೇಲೊಂದು ಸಣ್ಣ ಚಿಹ್ನೆ ಇದ್ದರೆ ಹೆಸರು ಹೆಸರಾಗಿಯೇ ಉಳಿಯುತ್ತದೆ.

ಬೇರೆಯವರು ಇದನ್ನು ಮಾಡಿ ತೋರಿಸಿದ್ದಾರೆ. 1802ರಲ್ಲಿ ನೆಪೋಲಿಯನ್ ಶುರು ಮಾಡಿದ ಗೌರವ ಪಡೆದ ಫ್ರೆಂಚರು ಇವತ್ತಿಗೂ ಕೋಟಿನ ಮೇಲೆ ಒಂದು ಕೆಂಪು ಎಳೆಯನ್ನಷ್ಟೇ ಧರಿಸುತ್ತಾರೆ. ಕೆನಡಾ ದೇಶದ ಪ್ರಾಂತ್ಯಗಳು ಇನ್ನೂ ಹತ್ತಿರದ ಮಾದರಿ, ಅವೂ ನಮ್ಮಂತೆ ಒಕ್ಕೂಟದೊಳಗಿನ ರಾಜ್ಯಗಳು. ಒಂಟಾರಿಯೊ ತನ್ನ ನಾಡಹೂವಾದ ಟ್ರಿಲಿಯಂ ಅನ್ನು, ಬ್ರಿಟಿಷ್ ಕೊಲಂಬಿಯಾ ಡಾಗ್‌ವುಡ್ ಹೂವನ್ನು, ಸಸ್ಕಾಚೆವಾನ್ ಕೆಂಪು ಲಿಲಿಯನ್ನು ಪದಕಕ್ಕೆ ಇಳಿಸಿಕೊಂಡಿವೆ. ದೊಡ್ಡ ಪದಕದ ಜೊತೆ ದಿನಬಳಕೆಗೆ ಕೋಟಿನ ಪುಟ್ಟ ಪಿನ್ನೂ ಸಿಗುತ್ತದೆ.

ನಮಗೆ ಚಿತ್ರ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ರಾಜ್ಯದ ಲಾಂಛನದಲ್ಲೇ ಗಂಡಭೇರುಂಡವಿದೆ. ಹಾವೇರಿ ಗಡಿ ದಾಟಿ ಶಿಕಾರಿಪುರದ ಕಡೆ ಸಾಗಿದರೆ ಬಳ್ಳಿಗಾವಿಯಲ್ಲಿ 1047ರ ಕಂಬದ ತುದಿಯಲ್ಲಿ ಅದೇ ಎರಡು ತಲೆಯ ಹಕ್ಕಿ, ಮನುಷ್ಯನ ಮೈ ತಾಳಿ ನಿಂತಿದೆ. ಬನವಾಸಿ ನಾಡನ್ನು ಆಳುತ್ತಿದ್ದ ಚಾಮುಂಡರಾಯರಸ ನಿಲ್ಲಿಸಿದ ಕಂಬ ಅದು. ಮೈಸೂರಿನ ಒಡೆಯರಿಗೂ ಬನವಾಸಿ ಸೀಮೆಗೂ ಸಮಾನವಾದ ಇದಕ್ಕಿಂತ ಒಳ್ಳೆಯ ಗುರುತು ಇನ್ನೊಂದಿಲ್ಲ.

ಆದ್ದರಿಂದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ನನ್ನ ಕೋರಿಕೆ ಇದು. ಚಿನ್ನ ಕೊಡುವುದನ್ನು ನಿಲ್ಲಿಸಿ ಎನ್ನುವುದಿಲ್ಲ. ಪ್ರಶಸ್ತಿ ಪಡೆಯುವ ಎಷ್ಟೋ ಜಾನಪದ ಕಲಾವಿದರಿಗೆ, ಕೃಷಿಕರಿಗೆ, ಪೌರಕಾರ್ಮಿಕರಿಗೆ ಅದು ಮುಪ್ಪಿನ ಆಸರೆ. ಜೊತೆಗೆ ಒಂದು ಚಿಕ್ಕ ಪಿನ್ನು ಕೊಡಿ. ಕಂಚಿನ ಗಂಡಭೇರುಂಡ, ಹಿಂದೆ ಹಳದಿ-ಕೆಂಪು ಮೀನಾಕಾರಿ, ಪಕ್ಕದಲ್ಲಿ ವರ್ಷ. ಕರ್ನಾಟಕ ರತ್ನಕ್ಕೆ ಬೇರೆ ಅಂಚು. ಚಿತ್ರ ಬರೆಯುವ ಕೆಲಸವನ್ನು ನಮ್ಮ ಶಿಲ್ಪಿಗಳಿಗೂ ಕಲಾಶಾಲೆಗಳ ಮಕ್ಕಳಿಗೂ ಮುಕ್ತವಾಗಿ ಬಿಡಿ. 1966ರಿಂದ ಇಲ್ಲಿಯವರೆಗೆ ಪ್ರಶಸ್ತಿ ಪಡೆದು ನಮ್ಮ ನಡುವೆ ಇರುವ ಎಲ್ಲರಿಗೂ ಅಂಚೆಯಲ್ಲಾದರೂ ಒಂದೊಂದು ಕಳುಹಿಸಿ. ಮುಂದಿನ ಸಾಲಿನ ಪಟ್ಟಿ ಪ್ರಕಟವಾಗುವ ಮೊದಲೇ ಆ ಕೆಲಸ ಆಗಲಿ.