‘ಹೋದನು’ ಎಂಬ ಉದಾಹರಣೆ

ಶಾಲಾವ್ಯಾಕರಣಗಳಲ್ಲಿ ಭೂತಕಾಲಕ್ಕೆ ‘ರಾಮನು ಹೋದನು’ ಎಂಬ ಉದಾಹರಣೆಯನ್ನು ಕೊಡುವುದು ರೂಢಿ. ರೂಪಸಿದ್ಧಿಗೆ ಇಷ್ಟು ಸಾಕೆಂದು ಗ್ರಂಥಕರ್ತರ ಭಾವನೆ. ಆದರೆ ರೂಪಕ್ಕಾದರೂ ಇದು ಮೊದಲ ಪಾಠಕ್ಕೆ ಒಪ್ಪುವುದಲ್ಲ. ‘ಮಾಡು’ ಎಂಬುದು ‘ಮಾಡಿ, ಮಾಡಿದ’ ಎಂದಾಗುವುದು. ‘ಹೋಗು’ ಎಂಬುದಾದರೋ ‘ಹೋಗಿ’ ಎಂದಾಗಿಯೂ ‘ಹೋಗಿದ’ ಎನಿಸದೆ ‘ಹೋದ’ ಎನಿಸುವುದು. ‘ಆಗು’ ಧಾತುವಿನ ಗತಿಯೂ ಇದೇ. ಅಪವಾದವನ್ನು ಮುಂದಿಟ್ಟು ನಿಯಮವನ್ನು ಬೋಧಿಸುವುದೆಂತು?

ಅರ್ಥದ ವಿಷಯ ಇದಕ್ಕಿಂತ ದೊಡ್ಡದು. ನಮ್ಮ ಮೈಲೂರಿನಲ್ಲಿ ಹುಡುಗನೊಬ್ಬನನ್ನು ‘ನಿಮ್ಮಣ್ಣನೆಲ್ಲಿ?’ ಎಂದು ಕೇಳಿದರೆ ‘ಭಾಲ್ಕಿಗಿ ಹೋಗ್ಯಾನ’ ಎನ್ನುವನು. ಹೋದವನು ಇನ್ನೂ ಮರಳಿಲ್ಲವೆಂಬುದು ಆ ಒಂದು ಪದದಲ್ಲಿಯೇ ಅಡಗಿದೆ. ‘ನಿನ್ನಿ ಹೋದ, ಸಂಜಿಗಿ ಬಂದ’ ಎನ್ನುವಾಗ ಅದೇ ಬಾಲಕನು, ಯಾರೂ ಕಲಿಸದೆ, ರೂಪವನ್ನು ಬದಲಿಸುವನು. ಅಧ್ಯಾಪಕನಾಗಿದ್ದಾಗ ನಾನು ಆ ‘ಹೋಗ್ಯಾನ’ವನ್ನು ಕೆಂಪು ಮಸಿಯಿಂದ ಹೊಡೆದು ‘ಹೋದನು’ ಎಂದು ತಿದ್ದಿದುದುಂಟು. ಗ್ರಾಂಥಿಕವಾಗಿ ಅದು ‘ಹೋಗಿದ್ದಾನೆ’ ಎಂದಾಗಬೇಕಿತ್ತು. ವಾಕ್ಯವು ಶುದ್ಧವಾಯಿತು, ಅರ್ಥವು ಕೆಟ್ಟಿತು. ಹುಡುಗನು ಮಾತ್ರ ತನ್ನ ಮನೆಯ ಮಾತೇ ತಪ್ಪೆಂದು ತಿಳಿದನು. ವಕ್ತೃವು ಕಾಣದ ಭೂತಕ್ಕೆ ಪಾಣಿನಿಯು ಲಿಟ್ ಎಂಬ ಬೇರೆ ಲಕಾರವನ್ನೇ ವಿಧಿಸಿರುವನೆಂದು ಪಾಠಶಾಲೆಯಲ್ಲಿ ಕಂಠಪಾಠ ಮಾಡಿದವನಿಗೆ ಈ ಸೂಕ್ಷ್ಮವು ಹೊಳೆಯದಿದ್ದುದು ನಾಚಿಕೆಯ ಸಂಗತಿ.

13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಕವಿಪ್ರಯೋಗಗಳನ್ನು ಆರಿಸಿ ಉದಾಹರಿಸಿದನು, ಬಳಕೆಯೇ ಅವನಿಗೆ ಪ್ರಮಾಣವಾಗಿತ್ತು. ಶಾಲಾಪುಸ್ತಕ ಬರೆಯುವವರು ಅಷ್ಟು ಶ್ರಮಪಡಬೇಕಿಲ್ಲ. ‘ಅಣ್ಣನು ನಿನ್ನೆ ಔರಾದಿಗೆ ಹೋದನು’, ‘ಅಣ್ಣನು ಔರಾದಿಗೆ ಹೋಗಿದ್ದಾನೆ, ನಾಳೆ ಬರುವನು’ ಎಂಬೆರಡು ವಾಕ್ಯಗಳನ್ನು ಒಟ್ಟಿಗೆ ಅಚ್ಚು ಹಾಕಿಸಲಿ; ‘ಹೋಗ್ಯಾನ’ವು ಯಾವುದರ ಪಕ್ಕಕ್ಕೆ ಸೇರುವುದೆಂದು ಮಕ್ಕಳನ್ನೇ ಕೇಳಲಿ.