ಅಳತೆಗಿಳಿದ ಆದಿಗ್ರಾಮ

ವಿಜಯವಾಡದ ಗವರ್ನರ್‌ಪೇಟೆಯಿಂದ ಬಹುದೂರವಿಲ್ಲದ ಮಹಾತ್ಮಾ ಗಾಂಧಿ ರಸ್ತೆಯಲ್ಲಿ, ಹಿಂದೆ ವಿಕ್ಟೋರಿಯಾ ಜುಬಿಲಿ ವಸ್ತುಸಂಗ್ರಹಾಲಯವೆಂದೂ ಈಗ ಬಾಪೂ ವಸ್ತುಸಂಗ್ರಹಾಲಯವೆಂದೂ ಹೆಸರಾದ ಕಟ್ಟಡವೊಂದಿದೆ. ೧೮೮೭ರಲ್ಲಿ ಅದಕ್ಕೆ ಅಸ್ತಿಭಾರವನ್ನಿಟ್ಟವರು ಅಂದಿನ ಕೃಷ್ಣಾ ಜಿಲ್ಲೆಯ ಕಲೆಕ್ಟರ್ ರಾಬರ್ಟ್ ಸೂವೆಲ್. ೧೯೦೦ರಲ್ಲಿ ವಿಜಯನಗರದ ಚರಿತ್ರೆಯನ್ನು ಪ್ರಕಟಿಸಿದ ಸೂವೆಲ್ಲರು ಕನ್ನಡಿಗರಿಗೆ ಅಪರಿಚಿತರಲ್ಲ. ಆದರೆ ಅದಕ್ಕೆ ಒಂದು ವರ್ಷ ಮುಂಚೆ ಅವರು ಬಳ್ಳಾರಿ ಸೀಮೆಯ ಬೂದಿದಿಬ್ಬಗಳನ್ನು ಕುರಿತು ಲೇಖನವೊಂದನ್ನು ಬರೆದಿದ್ದರೆಂಬುದನ್ನು ನೆನೆಯುವವರು ವಿರಳ. ಪ್ರಾಗೈತಿಹಾಸಿಕ ಗ್ರಾಮವೊಂದನ್ನು ಅಳತೆಗೆ ಇಳಿಸಿ ಪ್ರತಿಕೃತಿಯಾಗಿ ನಿರ್ಮಿಸುವ ಕಲೆಯನ್ನು ವಿಮರ್ಶಿಸಹೊರಡುವವರು ಆ ದಿಬ್ಬಗಳಿಂದಲೇ ಪ್ರಾರಂಭಿಸುವುದು ಯುಕ್ತ.

ಕುಡತಿನಿ, ಕಪ್ಪಗಲ್ಲು ಮೊದಲಾದೆಡೆಗಳಲ್ಲಿ ಕಾಣುವ ಈ ದಿಬ್ಬಗಳನ್ನು ನೋಡಿದವರೆಲ್ಲರೂ ತಮಗೆ ಚೆನ್ನಾಗಿ ತಿಳಿದಿದ್ದ ಕಥೆಯನ್ನೇ ಅವುಗಳಲ್ಲಿ ಕಂಡರು. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ಜನರು ವಾಲಿಯ ಚಿತಾಭಸ್ಮವೆಂದರು. ವಿಜಯನಗರವನ್ನೇ ಧ್ಯಾನಿಸುತ್ತಿದ್ದ ಸೂವೆಲ್ಲರು ಅವನ್ನು ಆ ಕಾಲದ ದಹನಗಳೊಡನೆ ಸಂಬಂಧಿಸಿ ಯೋಚಿಸಿದರು. ದನಗಳ ಸಗಣಿ ಸುಟ್ಟು ಆದ ಬೂದಿ ಇದೆಂದು ರಾಬರ್ಟ್ ಬ್ರೂಸ್ ಫೂಟ್ ಅವರು ಊಹಿಸಿದ್ದರೂ, ಆ ಊಹೆಗೆ ದೃಢವಾದ ಆಧಾರ ದೊರೆತದ್ದು ೧೯೫೭ರಲ್ಲಿ ಎಫ್. ಆರ್. ಆಲ್ಚಿನ್ ಅವರು ಉಟ್ನೂರಿನಲ್ಲಿ ಅಗೆದಾಗ. ಅಲ್ಲಿ ಕಂಬದ ಕುಳಿಗಳ ಸಾಲುಗಳು ದೊಡ್ಡಿಯ ಬೇಲಿಯನ್ನು ತೋರಿಸಿದವು. ಬೂದಿಯ ಪದರಗಳಲ್ಲಿ ದನಗಳ ಗೊರಸಿನ ಗುರುತುಗಳು ಉಳಿದಿದ್ದವು. ನವಶಿಲಾಯುಗದ ಪಶುಪಾಲಕರು ದನ ಕೂಡಿದ ದೊಡ್ಡಿಯಲ್ಲಿ ಸಗಣಿ ಬೆಳೆದು, ಆಗಾಗ ಉರಿದು, ದಿಬ್ಬವಾಯಿತೆಂಬುದು ಹೀಗೆ ಸಿದ್ಧವಾಯಿತು.

ಪ್ರತಿಕೃತಿಯನ್ನು ಮಾಡುವ ಶಿಲ್ಪಿಗೂ ಇದೇ ಅಪಾಯವುಂಟು. ಲೇಖಕನು ‘ಇರಬಹುದು’ ಎಂದು ಬರೆದು ಪಾರಾಗಬಲ್ಲನು. ಶಿಲ್ಪಿಗೆ ಆ ಸೌಲಭ್ಯವಿಲ್ಲ. ಗುಡಿಸಲಿಗೆ ಬಾಗಿಲೊಂದನ್ನು ಇಡಲೇಬೇಕು. ಆ ಬಾಗಿಲು ಯಾವುದಾದರೊಂದು ದಿಕ್ಕಿಗೆ ತೆರೆಯಲೇಬೇಕು. ಜೇಡಿಮಣ್ಣಿನಲ್ಲಿ ಸಂದೇಹವನ್ನು ಮೂಡಿಸಲಾಗುವುದಿಲ್ಲ. ಪ್ರೇಕ್ಷಕನಾದರೋ ಗಾಜಿನ ಹಿಂದಿರುವುದೆಲ್ಲವನ್ನೂ ಅಗೆದು ತೆಗೆದ ಸತ್ಯವೆಂದೇ ನಂಬಿ ಮನೆಗೆ ಹೋಗುತ್ತಾನೆ.

ಈ ಮಾತಿಗೆ ಹೋಲಿಕೆಯಾಗಿ ನಾಗಾರ್ಜುನಕೊಂಡವನ್ನು ನೋಡಬಹುದು. ಕೃಷ್ಣೆಗೆ ಅಣೆಕಟ್ಟು ಕಟ್ಟುವುದೆಂದು ನಿಶ್ಚಯವಾದಮೇಲೆ, ೧೯೫೪ರಿಂದ ೧೯೬೦ರವರೆಗೆ ಆರ್. ಸುಬ್ರಹ್ಮಣ್ಯಂ ಅವರ ನೇತೃತ್ವದಲ್ಲಿ ಆ ಕಣಿವೆಯನ್ನು ಅಗೆದರು. ಇಕ್ಷ್ವಾಕುಗಳ ಕಾಲದ ವಿಹಾರಗಳಲ್ಲದೆ ನವಶಿಲಾಯುಗದ ವಸತಿಯ ಕುರುಹುಗಳೂ ಅಲ್ಲಿ ದೊರೆತವು. ಕಣಿವೆ ನೀರಿನಲ್ಲಿ ಮುಳುಗಿದಮೇಲೆ ದ್ವೀಪವಾಗಿ ಉಳಿದ ಬೆಟ್ಟದ ಮೇಲಿನ ವಸ್ತುಸಂಗ್ರಹಾಲಯದಲ್ಲಿ ಅದರ ಪ್ರತಿಕೃತಿಯನ್ನು ಇಟ್ಟಿದ್ದಾರೆ. ಅದರ ಯೋಗ್ಯತೆ ದೊಡ್ಡದು. ಏಕೆಂದರೆ ಅದಕ್ಕೆ ಅಗೆತದ ನಕ್ಷೆಯ ಬೆಂಬಲವಿದೆ. ಕಲ್ಲು ಇಟ್ಟಿಗೆಗಳ ತಳಹದಿ ತನ್ನ ಅಳತೆಯನ್ನು ತಾನೇ ಹೇಳುತ್ತದೆ. ನವಶಿಲಾಯುಗದ ಊರಿನಲ್ಲಿ ಉಳಿದಿರುವುದಾದರೋ ದುಂಡಗಿನ ನೆಲ, ಕಂಬದ ಕುಳಿ, ಒಲೆಯ ಮಸಿ, ಮಡಕೆಯ ಚೂರು, ಮೂಳೆ. ಮೇಲಿನ ಕಟ್ಟಡವೆಲ್ಲವೂ ಊಹೆಯೇ. ಮೊದಲನೆಯದು ಕಂಡುದರ ಪ್ರತಿಕೃತಿ. ಎರಡನೆಯದು ಊಹಿಸಿದುದರ ಪ್ರತಿಕೃತಿ. ಎರಡಕ್ಕೂ ಒಂದೇ ಬಗೆಯ ಬಣ್ಣ ಬಳಿದು ಒಂದೇ ಬಗೆಯ ಗಾಜಿನ ಪೆಟ್ಟಿಗೆಯಲ್ಲಿ ಇಡುವುದು ನ್ಯಾಯವಲ್ಲ.

ಇನ್ನು ಅಳತೆಯ ಪ್ರಶ್ನೆ. ಬಳ್ಳಾರಿಯ ಸಮೀಪದ ಸಂಗನಕಲ್ಲಿನಲ್ಲಿ ಬಿ. ಸುಬ್ಬರಾಯರು ೧೯೪೦ರ ದಶಕದಲ್ಲಿ ಪ್ರಾರಂಭಿಸಿದ ಶೋಧವನ್ನು ರವಿ ಕೋರಿಶೆಟ್ಟರ್ ಮೊದಲಾದವರು ಮುಂದುವರಿಸಿದರು. ಆ ನಿವೇಶನವನ್ನು ಮಾದರಿಯಾಗಿ ಮಾಡಬೇಕೆಂದಿಟ್ಟುಕೊಳ್ಳೋಣ. ಐವತ್ತಕ್ಕೆ ಒಂದರ ಪ್ರಮಾಣದಲ್ಲಿ ನಾಲ್ಕು ಮೀಟರು ಅಡ್ಡಳತೆಯ ಗುಡಿಸಲು ೮ ಸೆಂಟಿಮೀಟರು ಆಗುತ್ತದೆ. ಒಲೆ, ಒರಳು, ಮಡಕೆಗಳನ್ನೂ ತೋರಿಸಬಹುದು. ಆದರೆ ಅದೇ ಪ್ರಮಾಣದಲ್ಲಿ ನೂರು ಮೀಟರು ಎತ್ತರದ ಗುಡ್ಡವೊಂದು ೨ ಮೀಟರಾಗಿ ನೋಡುವವನ ತಲೆಯನ್ನು ಮೀರುತ್ತದೆ. ಐನೂರಕ್ಕೆ ಒಂದೆಂದು ಇಳಿಸಿದರೆ ಗುಡ್ಡವು ೨೦ ಸೆಂಟಿಮೀಟರಿಗೆ ಬಂದೀತು. ಗುಡಿಸಲು ೮ ಮಿಲಿಮೀಟರು ಆಗಿ ಹುರುಳಿಕಾಳಿಗಿಂತ ಸ್ವಲ್ಪ ದೊಡ್ಡದಾಗುತ್ತದೆ. ಈ ಸಂಕಟದಲ್ಲಿ ಶಿಲ್ಪಿಯು ಸಾಮಾನ್ಯವಾಗಿ ಗುಡ್ಡವನ್ನೇ ಬಿಟ್ಟುಬಿಡುತ್ತಾನೆ. ಊರು ಬಯಲಿಗೆ ಇಳಿಯುತ್ತದೆ. ಇದು ಸಣ್ಣ ತಪ್ಪಲ್ಲ. ಹಿರೇಗುಡ್ಡದ ಕಪ್ಪು ಕಲ್ಲಿನಿಂದಲೇ ಅಲ್ಲಿಯವರು ಕೊಡಲಿಗಳನ್ನು ಮಾಡುತ್ತಿದ್ದರು. ಅಲ್ಲಿಯ ಬಂಡೆಗಳ ಮೇಲೆ ದನಗಳ ಚಿತ್ರಗಳನ್ನು ಕುಟ್ಟಿ ಮೂಡಿಸಿದ್ದಾರೆ. ಬಡಿದರೆ ಗಂಟೆಯಂತೆ ನಾದ ಕೊಡುವ ಬಂಡೆಗಳೂ ಇವೆ. ಗುಡ್ಡವಿಲ್ಲದ ಸಂಗನಕಲ್ಲು ತುಂಗಭದ್ರೆಯಿಲ್ಲದ ಹಂಪೆಯಂತೆ. ಆದುದರಿಂದ ಒಂದೇ ಪ್ರತಿಕೃತಿಯಲ್ಲಿ ಎಲ್ಲವನ್ನೂ ತುರುಕದೆ, ನಿವೇಶನಕ್ಕೆ ಒಂದು, ಅಂಗಳಕ್ಕೆ ಒಂದು ಎಂದು ಎರಡನ್ನು ಮಾಡುವುದೇ ಸರಿಯಾದ ಮಾರ್ಗ.

ಸ್ಥಳಕ್ಕಿಂತಲೂ ಕಾಲವನ್ನು ಅಳತೆಗೆ ಇಳಿಸುವುದು ಕಷ್ಟತರ. ದಕ್ಷಿಣದ ನವಶಿಲಾಯುಗವು ಕ್ರಿ. ಪೂ. ೩೦೦೦ದಿಂದ ೧೨೦೦ರವರೆಗೆ, ಸ್ಥೂಲವಾಗಿ ಹದಿನೆಂಟು ಶತಮಾನಗಳಷ್ಟು ವ್ಯಾಪಿಸಿದೆ. ಬೂದಿದಿಬ್ಬವು ಒಂದು ದಿನದ ಕೆಲಸವಲ್ಲ, ತಲೆಮಾರುಗಳ ಶೇಖರಣೆ. ದೊಡ್ಡಿ ದನಗಳಿಂದ ತುಂಬಿದ್ದಾಗ ದಿಬ್ಬವು ಇನ್ನೂ ತಗ್ಗಾಗಿತ್ತು. ದಿಬ್ಬವು ಪೂರ್ಣಾಕಾರಕ್ಕೆ ಬಂದಾಗ ಮೊದಲ ದೊಡ್ಡಿಯನ್ನು ಕಟ್ಟಿದವರು ಎಂದೋ ಮಣ್ಣಾಗಿದ್ದರು. ತುಂಬಿದ ದೊಡ್ಡಿ, ಬೆಳೆದ ದಿಬ್ಬ, ಹೊಗೆ, ಗುಡಿಸಲು ಇವೆಲ್ಲವನ್ನೂ ಒಂದೇ ಮುಂಜಾವಿನ ನೋಟವಾಗಿ ಜೋಡಿಸುವ ಪ್ರತಿಕೃತಿಯು, ಅಜ್ಜನ ಮದುವೆಯನ್ನೂ ಮೊಮ್ಮಗನ ನಾಮಕರಣವನ್ನೂ ಒಂದೇ ಚಪ್ಪರದಲ್ಲಿ ನಡೆಸಿದಂತೆ. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯನವರು ೧೯೮೯ರಿಂದ ಅಗೆದು ದಿಬ್ಬದ ಪಕ್ಕದಲ್ಲಿಯೇ ವಸತಿಯನ್ನೂ ಪ್ರಾಣಿಗಳನ್ನು ಕೊಯ್ಯುತ್ತಿದ್ದ ನೆಲವನ್ನೂ ಗುರುತಿಸಿದರು. ಇಂತಹ ಕಡೆ ಎಲ್ಲವೂ ಒಂದೆಡೆ ಇದ್ದುವೆಂಬುದು ನಿಜ. ಒಂದೇ ಗಳಿಗೆಯಲ್ಲಿ ಇದ್ದುವೆಂಬುದು ಬೇರೆಯ ಮಾತು.

ವಿವರಗಳಲ್ಲಿ ಆಗುವ ಪ್ರಮಾದಗಳೂ ಕಡಮೆಯಲ್ಲ. ಬಯಲುಸೀಮೆಯ ಊರೆಂದೊಡನೆ ರಾಗಿಯ ಹೊಲವನ್ನು ಬರೆಯುವುದು ಸಹಜ. ಸಂಗನಕಲ್ಲು ಮೊದಲಾದ ನಿವೇಶನಗಳ ಕರಿಕಾದ ಕಾಳುಗಳನ್ನು ಪರೀಕ್ಷಿಸಿದಾಗ ಮುಖ್ಯವಾಗಿ ಕಂಡುಬಂದುದು ಕೊರಲೆಯಂತಹ ಕಿರುಧಾನ್ಯ, ಹುರುಳಿ, ಹೆಸರು. ಇನ್ನು ಉಡುಗೆ: ಗೊಂಬೆಗಳಿಗೆ ತೊಗಲನ್ನೋ ಎಲೆಯನ್ನೋ ಉಡಿಸುವ ರೂಢಿಯು ಬೇರೆ ದೇಶಗಳ ಗುಹಾವಾಸಿಗಳ ಚಿತ್ರಗಳಿಂದ ಬಂದ ಎರವಲು. ಬೇಸಾಯ ಬಲ್ಲ, ಮಡಕೆ ಮಾಡಬಲ್ಲ, ಕೊಡಲಿಯನ್ನು ಕನ್ನಡಿಯಂತೆ ನುಣುಪುಗೊಳಿಸಬಲ್ಲ ಜನರನ್ನು ಕಾಡುಮನುಷ್ಯರಂತೆ ತೋರಿಸುವುದು ಅವರಿಗೆ ಮಾಡುವ ಅಪಚಾರ.

ಕೊನೆಯದಾಗಿ, ನಾಡಿನಿಂದ ಹೊರಗಿರುವ ಕನ್ನಡಿಗರನ್ನು ವಿಶೇಷವಾಗಿ ತಟ್ಟುವ ಒಂದು ಪ್ರಶ್ನೆಯಿದೆ: ಈ ಊರು ಯಾರದು? ತಾಯ್ನಾಡನ್ನು ದೂರದಿಂದ ನೋಡುವವರಿಗೆ ಪ್ರತಿಕೃತಿಯ ಕೆಳಗೆ ‘ಆದಿ ಕನ್ನಡಿಗರ ಗ್ರಾಮ’ ಎಂದು ಫಲಕ ಬರೆಯುವ ಆಸೆ ಬಲವಾಗಿಯೇ ಇರುತ್ತದೆ. ಆದರೆ ಬೂದಿದಿಬ್ಬಗಳು ಎಲ್ಲೆಗಳನ್ನು ಅರಿಯವು. ಆಲ್ಚಿನ್ನರು ೧೯೫೨ರಲ್ಲಿ ಅಗೆದ ಪಿಕ್ಲಿಹಾಳವೂ ಐದು ವರ್ಷಗಳ ತರುವಾಯ ಅಗೆದ ಉಟ್ನೂರೂ ಮೊದಲು ಒಂದೇ ಹೈದರಾಬಾದು ಸಂಸ್ಥಾನದಲ್ಲಿದ್ದುವು. ೧೯೫೬ರಲ್ಲಿ ಒಂದು ಮೈಸೂರಿಗೂ ಇನ್ನೊಂದು ಆಂಧ್ರಪ್ರದೇಶಕ್ಕೂ ಸೇರಿದವು. ೨೦೧೪ರಿಂದ ಉಟ್ನೂರು ತೆಲಂಗಾಣದಲ್ಲಿದೆ. ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿ ಜಿಲ್ಲೆಯೇ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಆ ಎಲ್ಲೆಯ ಎರಡೂ ಕಡೆ ಅದೇ ಬೂದಿ, ಅದೇ ಕೊಡಲಿ. ಆ ಜನರು ಬರಹವನ್ನು ಬಿಟ್ಟುಹೋಗಲಿಲ್ಲ. ಅವರ ನುಡಿ ದ್ರಾವಿಡ ಮೂಲದ್ದಾಗಿದ್ದಿರಬಹುದೆಂಬ ವಾದವುಂಟು. ಅದನ್ನು ವಾದವೆಂದೇ ಹೇಳಬೇಕು. ಕನ್ನಡವೆಂದೋ ತೆಲುಗೆಂದೋ ಆ ಗುಡಿಸಲುಗಳಿಗೆ ಹೆಸರಿಡುವುದು, ಸೂವೆಲ್ಲರು ಬೂದಿಯಲ್ಲಿ ವಿಜಯನಗರವನ್ನು ಕಂಡ ತಪ್ಪನ್ನೇ ಮತ್ತೊಮ್ಮೆ ಮಾಡಿದಂತೆ.

ಹಾಗಾದರೆ ಪ್ರತಿಕೃತಿಗಳೇ ಬೇಡವೆನ್ನಬೇಕೆ? ಖಂಡಿತ ಕೂಡದು. ಸಂಗನಕಲ್ಲಿನ ಗುಡ್ಡಗಳು ಕಲ್ಲುಗಣಿಗಳಿಂದ ಹಾನಿಗೊಂಡಿವೆ. ನಾಗಾರ್ಜುನಕೊಂಡದ ಕಣಿವೆ ನೀರಿನಡಿಯಲ್ಲಿದೆ. ಮೂಲವು ಅಳಿದಮೇಲೆ ಪ್ರತಿಕೃತಿಯೇ ಮೂಲದ ಸ್ಥಾನಕ್ಕೆ ಬರುತ್ತದೆ. ಅದರ ತಪ್ಪನ್ನು ತಿದ್ದಲು ಮತ್ತೆ ಅಗೆಯುವ ನೆಲ ಇರುವುದಿಲ್ಲ. ಶಿಲ್ಪಿಯ ಹೊಣೆ ಹೆಚ್ಚುವುದು ಇದರಿಂದಲೇ. ಅಗೆತದಲ್ಲಿ ಸಿಕ್ಕಿದುದಕ್ಕೆ ಒಂದು ಬಣ್ಣ, ಊಹೆಗೆ ಇನ್ನೊಂದು ತಿಳಿಯಾದ ಬಣ್ಣ ಎಂದು ಗೊತ್ತುಮಾಡಿದರೆ ಸಾಕು. ನೆಲ, ಕುಳಿ, ಒಲೆ, ಬೂದಿ ಇವು ಗಾಢವಾಗಿ ಕಾಣಲಿ. ಗೋಡೆ, ಸೂರು, ಉಡುಗೆಗಳು ಮಸುಕಾಗಿರಲಿ. ಅಂತಹ ಊರು ನೋಟಕ್ಕೆ ಅಷ್ಟು ರಮ್ಯವಾಗಿರಲಾರದು. ಆದರೆ ಅದರ ಮುಂದೆ ನಿಂತ ವಿದ್ಯಾರ್ಥಿಗೆ, ಎಲ್ಲಿಯವರೆಗೆ ತಿಳಿದಿದೆ, ಎಲ್ಲಿಂದ ಹುಡುಕಬೇಕು ಎಂಬುದು ಒಂದೇ ನೋಟಕ್ಕೆ ಗೋಚರವಾಗುತ್ತದೆ. ವಸ್ತುಸಂಗ್ರಹಾಲಯವು ಕೊಡಬೇಕಾದ ಶಿಕ್ಷಣ ಅದೇ.